ನಂದಿಕೂರು ಕಡೆ ಆಟೊ ಪಾರ್ಟ್ಸ್ ಫ್ಯಾಕ್ಟರಿ ಬರ್ತದಂತೆ: ಹುಡುಗ ಕಾಯಬೇಕಾ, ಹೊಸೂರಿಗೆ ಹೋಗಬೇಕಾ?

ಕಾಪು_ಲೈಟ್‌ಹೌಸ್
ಎಲ್ಲರಿಗೂ ನಮಸ್ಕಾರ. ವಿಷಯ ಎಂತ ಅಂದ್ರೆ, ನನ್ನ ಅಕ್ಕನ ಮಗ ಐಟಿಐ ಟರ್ನರ್ ಮುಗಿಸಿದ್ದಾನೆ. ಹೊಸೂರಿನ ಒಂದು ಬಿಡಿಭಾಗ ಕಂಪೆನಿಯಿಂದ ಒಂದು ವರ್ಷದ ಅಪ್ರೆಂಟಿಸ್‌ಗೆ ಕರೆ ಬಂದಿದೆ. ಹೊರಡುವುದು ಅಂತ ತೀರ್ಮಾನವೂ ಆಗಿತ್ತು. ಅಷ್ಟರಲ್ಲಿ ಊರಲ್ಲಿ ಸುದ್ದಿ: ನಮ್ಮ ಉಡುಪಿ ಜಿಲ್ಲೆಯ ನಂದಿಕೂರು ಕಡೆ ದೊಡ್ಡ ಆಟೊ ಪಾರ್ಟ್ಸ್ ಫ್ಯಾಕ್ಟರಿ ಬರ್ತದಂತೆ, ಸಾವಿರಾರು ಕೆಲಸವಂತೆ, ಊರಿನವರಿಗೇ ಮೊದಲಂತೆ. ಯಾವ ಕಂಪೆನಿ ಅಂತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರೆ.

ಈಗ ಅಕ್ಕ ಹಠ ಹಿಡಿದಿದ್ದಾಳೆ. ಮನೆಯಿಂದ ಬೈಕಲ್ಲಿ ಹೋಗಿಬರುವ ಕೆಲಸ ಕಾಲಬುಡಕ್ಕೆ ಬರುವಾಗ ತಮಿಳುನಾಡಿಗೆ ಎಂತಕ್ಕೆ ಅಂತ. ಭಾವ ಎಂತದೂ ಹೇಳುವುದಿಲ್ಲ, ಪೇಪರ್ ಹಿಡ್ಕೊಂಡು ಕೂತಿದ್ದಾರೆ. ಹುಡುಗ ನನ್ನ ಮುಖ ನೋಡ್ತಾನೆ. ನಾನು ಬ್ಯಾಂಕಿನಲ್ಲಿದ್ದವ, ನನಗೆ ಫ್ಯಾಕ್ಟರಿ ಒಳಗಿನ ಸಂಗತಿ ತಿಳಿಯುವುದಿಲ್ಲ.

ಇಂಥ ಫ್ಯಾಕ್ಟರಿ ಬಂದ್ರೆ ನಿಜಕ್ಕೂ ಎಷ್ಟು ಜನಕ್ಕೆ ಕೆಲಸ ಸಿಗ್ತದೆ? ಯಾರಿಗೆ ಸಿಗ್ತದೆ? ಗೊತ್ತಿದ್ದವರು ಹೇಳಿ ಮಾರಾಯ್ರೇ.

ಬೊಂಡ_ಸೋಡಾ
ಸಾವಿರಾರು ಅಂದ್ರೆ ಎಷ್ಟು ಸಾವಿರ ಅಂತ ಹೇಳಿದವರನ್ನೇ ಕೇಳಿ. ನಮ್ಮಲ್ಲಿ ಚುನಾವಣೆ ಹತ್ತಿರ ಬಂದ ಹಾಗೆ ಸೊನ್ನೆ ಜಾಸ್ತಿ ಆಗ್ತಾ ಹೋಗ್ತದೆ.

ಗಲ್ಫ್_ರಿಟರ್ನ್
ಹುಡುಗನನ್ನು ಕಳಿಸಿ. ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು? ನಮ್ಮ ಊರಿನವರು ಮುಂಬೈಗೆ ಹೋಗಿ ಹೋಟೆಲಲ್ಲಿ ಲೋಟ ತೊಳೆದು ಮೇಲೆ ಬಂದವರು. ಹೊಸೂರು ರಾತ್ರಿ ಬಸ್ಸಿನ ದಾರಿ.

ಸೆಕೆಂಡ್_ಶಿಫ್ಟ್
ನಾನು ಬಿಡಿಭಾಗದ ಲೈನಿನಲ್ಲೇ ಕೆಲಸ ಮಾಡುವವ. ಮೊದಲು ಹೊಸೂರು, ಈಗ ಬಿಡದಿ ಕಡೆ. ಸ್ವಲ್ಪ ಉದ್ದ ಆಗ್ತದೆ, ಬೇಜಾರಿಲ್ಲದೆ ಓದಿ.

ಪೇಪರಲ್ಲಿ ಬರುವ ಸಂಖ್ಯೆ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದ್ರೆ ಅದು ಎಲ್ಲಾ ಹಂತ ಮುಗಿದು, ಮೂರೂ ಪಾಳಿ ತುಂಬಿ ಓಡುವಾಗಿನ ಲೆಕ್ಕ. ಗೇಟಿನ ಸೆಕ್ಯುರಿಟಿ, ಕ್ಯಾಂಟೀನಿನವರು, ಹೌಸ್‌ಕೀಪಿಂಗ್, ಕಂಪೆನಿ ಬಸ್ಸಿನ ಡ್ರೈವರ್ ಎಲ್ಲ ಅದರೊಳಗೆ ಬರ್ತಾರೆ. "ಪರೋಕ್ಷ ಉದ್ಯೋಗ" ಅಂತ ಇನ್ನೊಂದು ದೊಡ್ಡ ಸಂಖ್ಯೆ ಕೊಡ್ತಾರಲ್ಲ, ಅದರಲ್ಲಿ ಗೇಟಿನೆದುರು ಚಾದಂಗಡಿ ಇಡುವವನೂ ಬಂದ.

ಇನ್ನು ಸಮಯ. ಶೆಡ್ ಎದ್ದು ಮೆಷಿನ್ ಬಂದು ಕೂತ ಕೂಡ್ಲೆ ಜನ ತೆಗೊಳ್ಳುವುದಿಲ್ಲ. ಕಾರು ಮಾಡುವ ಕಂಪೆನಿಗೆ ಸ್ಯಾಂಪಲ್ ಕಳಿಸಬೇಕು, ಅಳತೆ ರಿಪೋರ್ಟು, ಮೆಟೀರಿಯಲ್ ರಿಪೋರ್ಟು, ಪ್ರೋಸೆಸ್‌ನ ಕಾಗದಪತ್ರ ಎಲ್ಲ ಕೊಟ್ಟು ಒಪ್ಪಿಗೆ ತೆಗೊಳ್ಳಬೇಕು. ಅದಕ್ಕೆ ಪಿಪಿಎಪಿ ಅಂತಾರೆ. ಒಂದೊಂದು ಪಾರ್ಟಿಗೂ ಬೇರೆ ಬೇರೆ. ಅದು ಆಗುವವರೆಗೆ ಒಂದೇ ಪಾಳಿ, ಅದೂ ಬೇರೆ ಪ್ಲಾಂಟಿನಿಂದ ಕರ್ಕೊಂಡು ಬಂದ ಹಳಬರೇ ಜಾಸ್ತಿ. ಹೊಸ ಹುಡುಗರಿಗೆ ಗೇಟು ತೆರೆಯುವುದು ಆಮೇಲೆ.

ಮತ್ತೆ ಮುಖ್ಯ ವಿಷಯ ಯಾರೂ ಕೇಳುವುದೇ ಇಲ್ಲ: ಎಂತ ಪಾರ್ಟ್ ಮಾಡ್ತಾರೆ ಅಲ್ಲಿ? ವೈರಿಂಗ್ ಹಾರ್ನೆಸ್ ಆದ್ರೆ, ಅಂದ್ರೆ ಗಾಡಿಯ ಒಳಗಿನ ವೈರುಗಳ ಕಟ್ಟು, ಅದಕ್ಕೆ ಕೈ ಬೇಕು. ಬೋರ್ಡಿನ ಮೇಲೆ ಒಂದೊಂದೇ ವೈರು ಹಾಸಿ, ಕ್ಲಿಪ್ ಹಾಕಿ, ಟೇಪ್ ಸುತ್ತುವ ಕೆಲಸ, ಮೆಷಿನ್‌ಗೆ ಪೂರ್ತಿ ಬಿಟ್ಟುಕೊಡಲು ಇವತ್ತಿಗೂ ಕಷ್ಟ. ಹಾಗಾಗಿ ಜನ ತುಂಬಾ ಬೇಕು, ಹೆಂಗಸರೇ ಹೆಚ್ಚು. ಅದೇ ಸಿಎನ್‌ಸಿ ಮೆಷಿನಿಂಗ್, ಅಂದ್ರೆ ಕಂಪ್ಯೂಟರ್ ನಡೆಸುವ ಮೆಷಿನಿನಲ್ಲಿ ಲೋಹ ಕಡೆಯುವ ಕೆಲಸ ಆದ್ರೆ ಒಬ್ಬ ಆಪರೇಟರ್ ಎರಡು ಮೂರು ಮೆಷಿನ್ ನೋಡ್ತಾನೆ. ಪ್ರೆಸ್ ಶಾಪು, ವೆಲ್ಡಿಂಗ್ ಆದ್ರೆ ರೋಬೋ ಬಂದಾಗಿದೆ. ಅಷ್ಟೇ ಬಂಡವಾಳ, ಅಷ್ಟೇ ಜಾಗ, ಆದ್ರೆ ಒಳಗೆ ನಿಲ್ಲುವ ಜನರ ಸಂಖ್ಯೆ ಅಜಗಜಾಂತರ.

ಬೊಂಡ_ಸೋಡಾ
ಚಾದಂಗಡಿಯವನ ಲೆಕ್ಕವೂ ಉಂಟಾ! ಹಾಗಾದ್ರೆ ನನ್ನ ಬೊಂಡದ ಗಾಡಿಯನ್ನೂ ಸೇರಿಸ್ಲಿ, ಉದ್ಯೋಗ ಸೃಷ್ಟಿ ಒಂದು.

ಮುಂಗಾರು_ಮಂಡೆಬಿಸಿ
ಎಷ್ಟು ಕೆಲಸ ಅನ್ನುವುದು ಆಮೇಲೆ. ಯಾರಿಗೆ ಕೆಲಸ ಅನ್ನುವುದನ್ನು ಮೊದಲು ಬರೆಸಿಕೊಳ್ಳಬೇಕು. ಕನ್ನಡಿಗರಿಗೆ ಕೆಲಸ ಕೊಡಬೇಕು ಅಂತ ಹೇಳಿದ ಸರೋಜಿನಿ ಮಹಿಷಿ ವರದಿ ಬಂದು ಎಷ್ಟು ವರ್ಷ ಆಯ್ತು? 1986. 2024ರ ಜುಲೈಯಲ್ಲಿ ಸರಕಾರ ಮಸೂದೆ ತಂದಿತು, ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಸ್ಥಳೀಯರಿಗೆ ಅಂತ. ಸಂಪುಟ ಒಪ್ಪಿತು, ಐಟಿಯವರು ಬೊಬ್ಬೆ ಹಾಕಿದ್ರು, ಎರಡೇ ದಿನದಲ್ಲಿ ತಡೆ ಹಿಡಿದ್ರು. ನಮ್ಮಲ್ಲೇ 2021ರಲ್ಲಿ ಮಂಗಳೂರಿನ ತೈಲ ರಿಫೈನರಿ ಎಂಆರ್‌ಪಿಎಲ್ ನೇಮಕಾತಿಯಲ್ಲಿ ಸ್ಥಳೀಯರಿಗೆ ಸಿಗಲಿಲ್ಲ ಅಂತ ಎಷ್ಟು ಗಲಾಟೆ ಆಯ್ತು, ನೆನಪುಂಟಾ? ಜಾಗ ನಮ್ಮದು, ನೀರು ನಮ್ಮದು, ಹೊಗೆ ಕುಡಿಯುವವರು ನಾವು. ಕೆಲಸ ಮಾತ್ರ ಯಾರಿಗೋ.

ಗಲ್ಫ್_ರಿಟರ್ನ್
@ಮುಂಗಾರು_ಮಂಡೆಬಿಸಿ ನೀವು ಹೇಳುವ ನ್ಯಾಯ ಮುಂಬೈಯವರು ಹೇಳಿದ್ದಿದ್ರೆ ನಮ್ಮ ಅರ್ಧ ಊರು ಉಪವಾಸ ಬೀಳ್ತಿತ್ತು. ದುಬೈಯವರು ಹೇಳಿದ್ರೆ ಇನ್ನರ್ಧ.

ಮುಂಗಾರು_ಮಂಡೆಬಿಸಿ
ದುಬೈಯವರು ನಮ್ಮ ತೋಟ ತೆಗೊಂಡು ಫ್ಯಾಕ್ಟರಿ ಕಟ್ಟಿದ್ದಲ್ಲ ಅಣ್ಣ. ಹೋಲಿಕೆ ಸರಿ ಇರ್ಲಿ.

ಎಚ್‌ಆರ್_ಅಲ್ಲ_ನಾನು
ಹೆಸರು ನೋಡಿ ನಂಬಬೇಡಿ, ನಾನು ಎಚ್‌ಆರ್‌ನಲ್ಲೇ ಇರುವುದು.

ಸ್ಥಳೀಯ ಮೀಸಲಾತಿ ಕಾನೂನು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಹರಿಯಾಣದವರು ಶೇ. 75 ಅಂತ ಮಾಡಿದ್ದನ್ನು 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿತು. ಅದು ಬಿಡಿ, ಇಲ್ಲಿ ಹುಡುಗನ ಪ್ರಶ್ನೆಗೆ ಬರುವ.

ಕೆಳಗಿನ ಹಂತದ ಕೆಲಸದಲ್ಲಿ ಕಂಪೆನಿಯವರು ಸ್ಥಳೀಯರನ್ನು ಬೇಡ ಅನ್ನುವುದು ಕಾನೂನಿನ ಕಾರಣಕ್ಕಲ್ಲ. ನಾನು ಕೂತು ಕೇಳಿದ್ದೇನೆ, ಅವರ ಮಾತು ಹೀಗೆ: "ಊರಿನ ಹುಡುಗ ಅಂದ್ರೆ ಕೋಲಕ್ಕೆ ರಜೆ, ಕಂಬಳಕ್ಕೆ ರಜೆ, ಸಂಬಂಧಿಕರ ಗೃಹಪ್ರವೇಶಕ್ಕೆ ರಜೆ. ಹೊರಗಿನವ ಶೆಡ್ಡಿನ ಪಕ್ಕವೇ ರೂಮು ಮಾಡ್ತಾನೆ, ಓಟಿ ಕೇಳಿ ಮಾಡ್ತಾನೆ, ಯೂನಿಯನ್ ಅನ್ನುವುದಿಲ್ಲ." ಈ ಕೊನೆಯದ್ದೇ ನಿಜವಾದ ಕಾರಣ, ಉಳಿದದ್ದೆಲ್ಲ ಒಗ್ಗರಣೆ.

ಇನ್ನು ಅಪ್ರೆಂಟಿಸ್ ಬಗ್ಗೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅವನು ಕಲಿಯುವವ, ಕಾರ್ಮಿಕ ಅಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಂಪೆನಿಗೆ ಕಡ್ಡಾಯ ಇಲ್ಲ. 30ಕ್ಕಿಂತ ಕಡಿಮೆ ಇಲ್ಲದಷ್ಟು ಜನ ಇರುವ ಕಡೆ ಒಟ್ಟು ಜನರ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೊಳ್ಳಬೇಕು. 2019ರ ನಿಯಮದಲ್ಲಿ ಐಟಿಐ ಆದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ ಇಟ್ಟಿದ್ರು. ದೊಡ್ಡ ಕಂಪೆನಿಯವರು ಅದಕ್ಕಿಂತ ಜಾಸ್ತಿ ಕೊಡ್ತಾರೆ. ಆದ್ರೆ ಮುಗಿದ ಮೇಲೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟಿಗೆ ಬೆಲೆ ಉಂಟು, ಅದನ್ನು ಸಣ್ಣದು ಮಾಡಬೇಡಿ.

ಕಾಪು_ಲೈಟ್‌ಹೌಸ್
@ಎಚ್‌ಆರ್_ಅಲ್ಲ_ನಾನು ಹಾಗಾದ್ರೆ ಹೊಸೂರಿಗೆ ಹೋದ್ರೂ ಗ್ಯಾರಂಟಿ ಇಲ್ಲ, ಇಲ್ಲಿದ್ರೂ ಇಲ್ಲ ಅಂತಾಯ್ತು. ಅಕ್ಕನಿಗೆ ಎಂತ ಹೇಳುವುದು ನಾನು?

ಎಚ್‌ಆರ್_ಅಲ್ಲ_ನಾನು
ಒಂದು ಕಡೆ ಕೈಯಲ್ಲಿ ಕಾಗದ ಉಂಟು. ಇನ್ನೊಂದು ಕಡೆ ಸುದ್ದಿ ಉಂಟು. ಅಷ್ಟೇ ಹೇಳಿ.

ಪೆರ್ಮುದೆ_ಪೊಣ್ಣು
ಜಾಗ ಕೊಟ್ಟವರ ಮನೆಯಿಂದ ಬಂದವಳು ನಾನು. ಹಾಗಾಗಿ ಸ್ವಲ್ಪ ಖಾರ ಇದ್ರೆ ಸಹಿಸ್ಕೊಳ್ಳಿ.

ನಮ್ಮದು ಅಡಿಕೆ, ಭತ್ತ, ಎರಡು ಬಾವಿ. ಕೈಗಾರಿಕೆಗೆ ಜಾಗ ತೆಗೊಳ್ಳುವ ಸರಕಾರಿ ಮಂಡಳಿ ಕೆಐಎಡಿಬಿಯ ನೋಟಿಸು ಬಂತು. 28(1) ಅಂದ್ರೆ ಎಂತ, 28(4) ಅಂದ್ರೆ ಎಂತ ಅಂತ ನಮ್ಮ ಅಜ್ಜಿಗೂ ಬಾಯಿಪಾಠ ಆಗಿತ್ತು. ಮೊದಲನೆಯದು ಜಾಗ ತೆಗೊಳ್ತೇವೆ ಅಂತ ಹೇಳುವುದು, ಎರಡನೆಯದು ಬಂದ್ರೆ ಮುಗೀತು, ಜಾಗ ಸರಕಾರದ್ದು. ಪರಿಹಾರ ಸಿಕ್ಕಿತು, ಇಲ್ಲ ಅನ್ನುವುದಿಲ್ಲ. ಮನೆಗೊಂದು ಕೆಲಸ ಅಂತಲೂ ಹೇಳಿದ್ರು. ಯಾವ ಕಂಪೆನಿ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅಪ್ಪನಿಗೆ ವಯಸ್ಸಾಗಿತ್ತು. ಅಣ್ಣ ಬಿಕಾಂ. "ನಿಮ್ಮ ಓದಿಗೆ ಸರಿಯಾದ ಹುದ್ದೆ ಈಗ ಇಲ್ಲ" ಅಂತ ಹೇಳಿ ಗಾರ್ಡನ್ ಕಾಂಟ್ರಾಕ್ಟರನ ಕೈಕೆಳಗೆ ಹಾಕಿದ್ರು. ನಮ್ಮದೇ ತೋಟ ಇದ್ದ ಜಾಗದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ದೂಡುವ ಕೆಲಸ. ನಾಲ್ಕು ತಿಂಗಳಿಗೆ ಬಿಟ್ಟ.

ಕೆಲಸದ ಆಸೆ ತೋರಿಸಿದಾಗ ಜನ ಜಾಗದ ರೇಟು ಕೇಳುವುದನ್ನು ಮರೆಯುತ್ತಾರೆ. ನಂದಿಕೂರು ಕಡೆಯವರಿಗೆ ನಾನು ಹೇಳುವುದು ಇಷ್ಟೇ, "ಕೆಲಸ" ಅಂತ ಬಾಯಲ್ಲಿ ಹೇಳಿದ್ದನ್ನು ಕಾಗದದಲ್ಲಿ ಯಾವ ಹುದ್ದೆ, ಕಂಪೆನಿಯ ರೋಲಿನಲ್ಲಾ (ಸಂಬಳದ ಪಟ್ಟಿಯಲ್ಲಾ) ಕಾಂಟ್ರಾಕ್ಟರನ ರೋಲಿನಲ್ಲಾ, ಯಾವ ವರ್ಷದೊಳಗೆ ಅಂತ ಬರೆಸಿ. ಬರೆಯದಿದ್ದರೆ ಅದು ಕೆಲಸ ಅಲ್ಲ.

ಮುಂಗಾರು_ಮಂಡೆಬಿಸಿ
ಇದನ್ನೇ ನಾನು ಹೇಳಿದ್ದು!

ಪೆರ್ಮುದೆ_ಪೊಣ್ಣು
ಇಲ್ಲ ಅಣ್ಣ, ನೀವು ಹೇಳಿದ್ದು ಬೇರೆ. ನೀವು ಹೊರಗಿನವರಿಗೆ ಬೇಡ ಅಂದ್ರಿ. ನನ್ನ ಅಣ್ಣನ ಜೊತೆ ಅದೇ ಹುಲ್ಲು ಕತ್ತರಿಸುತ್ತಿದ್ದ ಒಡಿಶಾದ ಹುಡುಗನಿಗೆ ಅಣ್ಣನಿಗಿಂತ ಕಡಿಮೆ ಸಂಬಳ ಇತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ.

ಕುಂದಾಪ್ರ_ಹುಡ್ಗ
ಹೋಯ್, ನೀವೆಲ್ಲ ಎಂತೆಂತದೋ ಮಾತಾಡ್ತ್ರಿ, ಕ್ಯಾಂಟೀನಂಗೆ ಕುಚ್ಲಕ್ಕಿ ಅನ್ನ ಸಿಕ್ಕತ್ತಾ ಅಂದ್ ಯಾರೂ ಕೇಂಬುದೇ ಇಲ್ಲ ಅಲ್ದಾ? ನಾನ್ ಬೆಂಗ್ಳೂರಂಗೆ ಇಪ್ಪತಿಗೆ ದಿನಾ ಬೆಳ್ತಿಗೆ ಅನ್ನ ತಿಂದ್ ತಿಂದ್ ಸಾಕಾಯ್ ಹೋಯಿತ್.

ಬೊಂಡ_ಸೋಡಾ
ಕುಚ್ಚಲಕ್ಕಿ ಜೊತೆ ಬಂಗುಡೆ ಪುಳಿಮುಂಚಿ ಕೊಟ್ರೆ ನಾನೇ ಹೋಗ್ತೇನೆ ನೈಟ್ ಶಿಫ್ಟಿಗೆ.

ಸೆಕೆಂಡ್_ಶಿಫ್ಟ್
ನೈಟ್ ಶಿಫ್ಟಿಗೆ ಕುಚ್ಚಲಕ್ಕಿ ಊಟ ಮಾಡಿ ನಿಂತ್ರೆ ಎರಡು ಗಂಟೆಗೆ ಕಣ್ಣು ಎಳೀತದೆ ಮಾರಾಯ. ಅನುಭವದ ಮಾತು. ಚಪಾತಿಯೇ ವಾಸಿ.

ಕುಂದಾಪ್ರ_ಹುಡ್ಗ
ಚಪಾತಿ ತಿಂದ್ ಬದ್ಕೂಕೆ ನಾವೇನ್ ಪಂಜಾಬಿನರಾ?

ನಿರ್ವಾಹಕ
ಊಟದ ಚರ್ಚೆಗೆ ಬೇರೆ ಪುಟ ಉಂಟು. ಇಲ್ಲಿ ವಿಷಯಕ್ಕೆ ಬನ್ನಿ.

ಟೂಲ್‌ರೂಮ್_ಅಜ್ಜ
ಮಕ್ಕಳೇ, ಏನೋ ಹೊಸತು ಬಂತು ಅನ್ನುವ ಹಾಗೆ ಮಾತಾಡುತ್ತೀರಿ. ಗಾಡಿಯ ಬಿಡಿಭಾಗ ಮಂಗಳೂರಿಗೆ ಹೊಸತಲ್ಲ. ವಿ. ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್ ಹುಟ್ಟಿದ್ದು 1940ರ ದಶಕದಲ್ಲಿ. ಬಸ್ಸು ಲಾರಿಗಳ ಲೀಫ್ ಸ್ಪ್ರಿಂಗ್, ಕೆನರಾ ಸ್ಪ್ರಿಂಗ್ ಅಂದರೆ ಗ್ಯಾರೇಜಿನವರಿಗೆಲ್ಲ ಗೊತ್ತು. ಬೈಕಂಪಾಡಿಯಲ್ಲಿ ಲಾಮಿನಾ ಸಸ್ಪೆನ್ಶನ್‌ನವರದ್ದೂ ಸ್ಪ್ರಿಂಗೇ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸು ಇಷ್ಟು ಬೆಳೆದದ್ದಕ್ಕೂ ಇಲ್ಲಿ ಒಳ್ಳೆಯ ಮೆಕ್ಯಾನಿಕ್, ಒಳ್ಳೆಯ ಕಮ್ಮಾರಿಕೆ ಇದ್ದದ್ದಕ್ಕೂ ನಂಟು ಉಂಟು.

ನಾನು ಡೈ, ಅಂದರೆ ಪಾರ್ಟಿಗೆ ಆಕಾರ ಕೊಡುವ ಅಚ್ಚು, ಮಾಡುವವನಾಗಿ ನಿವೃತ್ತಿಯಾದವನು. ಒಂದು ಮಾತು ಹೇಳುತ್ತೇನೆ, ಹುಡುಗನಿಗೆ ತಲುಪಿಸಿ. ಫ್ಯಾಕ್ಟರಿಯಲ್ಲಿ ಎರಡು ತರಹದ ಜನ. ಬಟನ್ ಒತ್ತಿ ಪಾರ್ಟ್ ತೆಗೆಯುವವರು ಒಂದು. ಮೆಷಿನ್ ಸೆಟ್ಟಿಂಗ್ ಮಾಡುವವರು, ಡೈ ರಿಪೇರಿ ಮಾಡುವವರು, ಮೆಂಟೆನೆನ್ಸಿನವರು ಇನ್ನೊಂದು. ಮೊದಲನೆಯವರನ್ನು ವಾರದಲ್ಲಿ ತಯಾರು ಮಾಡಬಹುದು, ಆದ್ದರಿಂದ ವರ್ಷದಲ್ಲಿ ಕಳಿಸಲೂಬಹುದು. ಎರಡನೆಯವರು ರಜೆ ಹಾಕಿದರೆ ಲೈನ್ ನಿಲ್ಲುತ್ತದೆ. ನಮ್ಮಲ್ಲಿ ಒಂದು ಪ್ರೆಸ್ ಟೂಲ್ ಬರ್ ಬಿಡಲು ಶುರುವಾಗಿತ್ತು, ಪಾರ್ಟಿನ ಅಂಚಿನಲ್ಲಿ ಉಗುರಿಗೆ ಸಿಕ್ಕುವಷ್ಟು ಸಣ್ಣ ಮುಳ್ಳು. ಇಂಜಿನಿಯರುಗಳು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದರು. ನಮ್ಮ ಹಿರಿಯರೊಬ್ಬರು ಪಂಚ್ ಕಳಚಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಂಚು ಸವರಿ, "ಇದು ಒಂದು ಬದಿಗೆ ಮಾತ್ರ ಸವೆದಿದೆ, ಅಲೈನ್‌ಮೆಂಟ್ ನೋಡಿ" ಎಂದರು. ಮಧ್ಯಾಹ್ನದೊಳಗೆ ಲೈನ್ ಓಡಿತು. ಅವರು ಓದಿದ್ದು ಎಂಟನೆಯ ಕ್ಲಾಸು.

ಹುಡುಗ ಟರ್ನರ್ ಅಂದಿರಲ್ಲ. ಲೇತ್ ಗೊತ್ತಿರುವವನಿಗೆ ಸಿಎನ್‌ಸಿ ಸೆಟ್ಟಿಂಗ್ ಕಲಿಯುವುದು ಕಷ್ಟವಲ್ಲ. ಬೈಕಂಪಾಡಿಯಲ್ಲಿ ಸರಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ, ಜಿಟಿಟಿಸಿ, ಉಂಟು. ನಮ್ಮ ಜಿಲ್ಲೆಯವರಿಗೆ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ರಾಜ್ಯಕ್ಕೆ ಮೊದಲು ಬರುವುದೇ ಹೆಮ್ಮೆ, ಮಗ ಟೂಲ್ ಆಂಡ್ ಡೈ ಕಲಿಯುತ್ತಾನೆ ಅಂದರೆ ಮದುವೆ ಮಾತುಕತೆಯಲ್ಲಿ ಹೇಳಲೂ ನಾಚಿಕೆ.

ಗೋ_ನೋಗೋ
ಅಜ್ಜರೇ, ಕಾಲಿಗೆ ಬಿದ್ದೆ. ನಾನು ಬೈಕಂಪಾಡಿಯಲ್ಲಿ ಕ್ವಾಲಿಟಿಯಲ್ಲಿದ್ದೇನೆ, ನೀವು ಹೇಳಿದ ಬರ್ ಹಿಡಿಯುವುದೇ ನನ್ನ ಕೆಲಸ.

ಕರಾವಳಿಯಲ್ಲಿ ಬಿಡಿಭಾಗ ಮಾಡುವವರಿಗೆ ಇನ್ನೊಂದು ಗೋಳು ಉಂಟು, ಹೊರಗಿನಿಂದ ಬಂದ ಮ್ಯಾನೇಜರುಗಳಿಗೆ ಮೊದಲ ಮಳೆಗಾಲದವರೆಗೆ ಅರ್ಥ ಆಗುವುದಿಲ್ಲ. ತುಕ್ಕು. ಉಪ್ಪು ಗಾಳಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಥಂಡಿ. ಗ್ರೈಂಡಿಂಗ್ ಆದ ಶಾಫ್ಟನ್ನು ಬರಿಗೈಯಲ್ಲಿ ಮುಟ್ಟಿ ಟ್ರೇಯಲ್ಲಿಟ್ಟು ಹೋದ್ರೆ ಮರುದಿನ ಬೆಳಿಗ್ಗೆ ಅದರ ಮೇಲೆ ಹೆಬ್ಬೆಟ್ಟಿನ ಗುರುತು ಕಂದು ಬಣ್ಣದಲ್ಲಿ ಮೂಡಿರ್ತದೆ, ಗೆರೆ ಗೆರೆ ಎಣಿಸಬಹುದು. ಕೆಲವರ ಬೆವರು ಇನ್ನೂ ಜೋರು, ಅಂಥವರನ್ನು ಆ ಟೇಬಲ್ಲಿಗೇ ಹಾಕುವುದಿಲ್ಲ. ಗ್ಲೌಸು, ಆಂಟಿ-ರಸ್ಟ್ ಆಯಿಲು, ತುಕ್ಕು ತಡೆಯುವ ವಿಸಿಐ ಕವರು, ಇದಕ್ಕೆಲ್ಲ ಬೇರೆ ಖರ್ಚು. ಹಾಗಂತ ಆಗುವುದಿಲ್ಲ ಅಂತ ಅಲ್ಲ, ಚೆನ್ನೈಯಲ್ಲೂ ಸಮುದ್ರ ಉಂಟಲ್ಲ. ಹೊಸ ಫ್ಯಾಕ್ಟರಿಯವರು ಪೇಂಟ್, ಕೋಟಿಂಗ್ ಲೈನು ಇಲ್ಲೇ ಹಾಕಿದ್ರೆ ಇನ್ನಷ್ಟು ಜನಕ್ಕೆ ಕೆಲಸ.

ಲಾರಿ_ಸಾಹುಕಾರ
ಎಲ್ಲರೂ ಒಳಗಿನದ್ದು ಮಾತಾಡಿದ್ರಿ, ಹೊರಗಿನದ್ದು ನಾನು ಹೇಳ್ತೇನೆ.

ಗಾಡಿ ಕಂಪೆನಿಗಳು ಇರುವುದು ಬಿಡದಿ, ಹೊಸೂರು, ಚೆನ್ನೈ, ಪುಣೆ. ಅವರಿಗೆ ಪಾರ್ಟ್ ಗಂಟೆ ಲೆಕ್ಕದಲ್ಲಿ ಬೇಕು, ಗೋಡೌನ್ ತುಂಬಿಸಿ ಇಟ್ಟುಕೊಳ್ಳುವ ಕಾಲ ಅಲ್ಲ ಇದು. ನಮ್ಮಲ್ಲಿಂದ ಶಿರಾಡಿ ಘಾಟಿ ಹತ್ತಬೇಕು. ಮಳೆಗಾಲದಲ್ಲಿ ದೋಣಿಗಲ್ ಹತ್ತಿರ ಗುಡ್ಡ ಕುಸಿದ್ರೆ ರಾಷ್ಟ್ರೀಯ ಹೆದ್ದಾರಿ 75 ಬಂದ್. ಆಮೇಲೆ ಚಾರ್ಮಾಡಿಯಲ್ಲಿ ದೊಡ್ಡ ಲಾರಿಗೆ ಬಿಡುವುದಿಲ್ಲ, ಸಂಪಾಜೆ ಸುತ್ತು. ಡ್ರೈವರ್ ಸಕಲೇಶಪುರದಲ್ಲಿ ಗಾಡಿ ನಿಲ್ಲಿಸಿ ಫೋನ್ ಮಾಡ್ತಾನೆ, ಇಲ್ಲಿ ಫ್ಯಾಕ್ಟರಿಯವ ನನ್ನ ತಲೆ ತಿಂತಾನೆ. ಲೈನ್ ನಿಂತ್ರೆ ದಂಡ ಅವನಿಗೆ.

ಹಾಗಾಗಿ ಬುದ್ಧಿ ಇರುವ ಕಂಪೆನಿ ಇಲ್ಲಿಗೆ ಬಂದ್ರೆ ಬಂದರಿಗೋಸ್ಕರ ಬರಬೇಕು, ರಫ್ತಿಗೆ. ಪಣಂಬೂರಿನಲ್ಲಿ ಕಚ್ಚಾ ತೈಲ, ಕಲ್ಲಿದ್ದಲು, ಗ್ಯಾಸ್ ಲೆಕ್ಕವೇ ದೊಡ್ಡದು, ಕಂಟೇನರಿನಲ್ಲಿ ಹೋಗುವುದು ಕಾಫಿ, ಗೇರುಬೀಜ ಮುಂತಾದ್ದು. ಬಿಡಿಭಾಗದ ಕಂಟೇನರು ಶುರುವಾದ್ರೆ ನಮ್ಮಂಥವರಿಗೆ ಲಾಭ. ಅದು "ಪರೋಕ್ಷ" ಅಂತ ನಗಬೇಡಿ. ನನ್ನಲ್ಲಿ ಡ್ರೈವರುಗಳಿಗೆ, ಕ್ಲೀನರುಗಳಿಗೆ ಪ್ರತಿ ತಿಂಗಳು ಕೊಡುವ ಸಂಬಳ ಪರೋಕ್ಷವಾಗಿ ಕೊಡ್ಲಿಕ್ಕೆ ಆಗುವುದಿಲ್ಲ.

ಬೊಂಡ_ಸೋಡಾ
ಸಾಹುಕಾರ್ರೇ, ಕೊನೆಯ ಸಾಲು ಮಸ್ತ್.

ಗಲ್ಫ್_ರಿಟರ್ನ್
ಒಂದು ಪ್ರಶ್ನೆ. ಎಲ್ಲಾ ಗಾಡಿ ಎಲೆಕ್ಟ್ರಿಕ್ ಆಗ್ತದೆ ಅಂತಾರಲ್ಲ, ಈಗ ಬಿಡಿಭಾಗದ ಫ್ಯಾಕ್ಟರಿ ಹಾಕುವುದೇ ಹುಚ್ಚಲ್ವಾ? ಕುದುರೆಮುಖ ನೋಡಿ, 2005ರ ಕೊನೆಗೆ ಗಣಿ ನಿಂತಿತು, ಟೌನ್‌ಶಿಪ್ಪೇ ಖಾಲಿ. ಸಿನೆಮಾ ಟಾಕೀಸು, ಶಾಲೆ, ಆಸ್ಪತ್ರೆ ಎಲ್ಲ ಇದ್ದ ಊರು ಅದು.

ಸೆಕೆಂಡ್_ಶಿಫ್ಟ್
ಅದಕ್ಕೇ ಹೇಳಿದ್ದು, ಎಂತ ಪಾರ್ಟ್ ಅಂತ ಮೊದಲು ಕೇಳಿ ಅಂತ. ಪಿಸ್ಟನ್, ವಾಲ್ವು, ಸೈಲೆನ್ಸರು, ಫ್ಯುಯೆಲ್ ಇಂಜೆಕ್ಟರು ಇಂಥದ್ದು ಎಲೆಕ್ಟ್ರಿಕ್ ಗಾಡಿಗೆ ಬೇಡ. ಬ್ರೇಕು, ಸಸ್ಪೆನ್ಶನ್, ಸ್ಟೀರಿಂಗು, ಸೀಟು, ಲೈಟು, ಚಕ್ರ ಎಲ್ಲದಕ್ಕೂ ಬೇಕು. ವೈರಿಂಗು ಇನ್ನೂ ಜಾಸ್ತಿ ಬೇಕು. ಬ್ಯಾಟರಿ ಭಾರಕ್ಕೆ ಅಜ್ಜರ ಸ್ಪ್ರಿಂಗಿಗೂ ಕೆಲಸ ಉಂಟು.

ಕುದುರೆಮುಖದ ಸಂಗತಿ ಬೇರೆ, ಅದು ಕಾಡಿನ ವಿಷಯಕ್ಕೆ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು. ಆದ್ರೆ ಒಂದೇ ಕಂಪೆನಿ, ಒಂದೇ ಗಿರಾಕಿ ಅಂತ ಇಡೀ ಊರು ಅದರ ಕುತ್ತಿಗೆಗೆ ನೇತುಬಿದ್ರೆ ಅಪಾಯ ಅನ್ನುವುದು ಸರಿ.

ಮೂಡುಬಿದಿರೆ_ಮಲ್ಲಿಗೆ
ಹೆಂಗಸರ ವಿಷಯ ಒಬ್ಬರೂ ಎತ್ತಲಿಲ್ಲ. ಸೆಕೆಂಡ್ ಶಿಫ್ಟ್ ಅಣ್ಣ ಒಂದು ಸಾಲು ಹೇಳಿದ್ರು, ಅಷ್ಟೇ.

ನಮ್ಮ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದ್ದು. ತಡ್ಪೆ, ಅಂದ್ರೆ ಮೊರ, ಮಡಿಲಲ್ಲಿಟ್ಟು, ಟಿವಿ ನೋಡ್ತಾ, ಅನ್ನಕ್ಕೆ ನೀರು ಇಟ್ಟು ಬರ್ತಾ, ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುವುದು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ, ಅದರಲ್ಲೂ ಬ್ರಾಂಚಿನವ ಕಟ್ಟು ಬಿಚ್ಚಿ ಸರಿ ಇಲ್ಲ ಅಂತ ಬಿಸಾಡುವುದು ಬೇರೆ. ಈಗ ಬೀಡಿ ಕೆಲಸ ಕಡಿಮೆ ಆಗ್ತಾ ಬಂತು, ಹೊಸ ಹುಡುಗಿಯರು ಯಾರೂ ಕಟ್ಟುವುದಿಲ್ಲ. ಹಾರ್ನೆಸ್ ಫ್ಯಾಕ್ಟರಿ ಬಂದ್ರೆ ನಮ್ಮ ವಾರ್ಡಿನಲ್ಲೇ ಎಷ್ಟೋ ಹೆಂಗಸರು ಹೋಗ್ತಾರೆ. ಕೈ ಚುರುಕು ಇರುವವರು.

ಆದ್ರೆ ಹೋಗಬೇಕಾದ್ರೆ ಮೂರು ಬೇಕು. ಮನೆ ಹತ್ತಿರದ ಸ್ಟಾಪಿಗೆ ಬರುವ ಬಸ್ಸು. ಮಗು ಬಿಡ್ಲಿಕ್ಕೆ ಜಾಗ. ಪಾಳಿ ಮಧ್ಯ ಹೆಂಗಸರು ಕೂತು ಉಸಿರಾಡ್ಲಿಕ್ಕೆ ಐದು ನಿಮಿಷ, ಮರ್ಯಾದೆಯ ಶೌಚಾಲಯ. 2023ರಲ್ಲಿ ಕಾರ್ಖಾನೆ ಕಾಯ್ದೆಗೆ ರಾಜ್ಯ ತಿದ್ದುಪಡಿ ತಂದು ಹೆಂಗಸರಿಗೆ ರಾತ್ರಿ ಪಾಳಿ ಬಾಗಿಲು ತೆರೆದ್ರು, ವಾರಕ್ಕೆ 48 ಗಂಟೆ ಮೀರದೆ ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು ಅಂತ ಮಾಡಿದ್ರು. ಹನ್ನೆರಡು ಗಂಟೆ ನಿಂತು ಬಂದವಳು ಮನೆಯಲ್ಲಿ ಮತ್ತೆ ಅಡುಗೆಗೆ ನಿಲ್ಲಬೇಕು. ಇದರ ಲೆಕ್ಕ ಯಾವ ಪಾಳಿಯಲ್ಲಿ ಬರ್ತದೆ?

ಪೆರ್ಮುದೆ_ಪೊಣ್ಣು
ಅಕ್ಕ, ನೂರಕ್ಕೆ ನೂರು. ಸೀನಿಯರ್ ಮ್ಯಾನೇಜರ್ ಯಾರೋ ಬಂದು "ಮಹಿಳಾ ಸಬಲೀಕರಣ" ಅಂತ ರಿಬ್ಬನ್ ಕತ್ತರಿಸಿ ಹೋಗ್ತಾರೆ, ಕ್ರೆಷ್ ಎಲ್ಲುಂಟು ಅಂತ ಕೇಳಿದ್ರೆ ಸ್ಟೋರ್ ರೂಮು ತೋರಿಸ್ತಾರೆ.

ಮುಂಗಾರು_ಮಂಡೆಬಿಸಿ
ಹೆಂಗಸರು ರಾತ್ರಿ ಪಾಳಿಗೆ ಹೋಗುವುದು ನಮ್ಮ ಊರಿಗೆ ಸರಿ ಆಗ್ತದಾ? ಸುಮ್ಮನೆ ಕೇಳಿದೆ.

ಮೂಡುಬಿದಿರೆ_ಮಲ್ಲಿಗೆ
ಆಸ್ಪತ್ರೆಯಲ್ಲಿ ನರ್ಸುಗಳು ರಾತ್ರಿ ಇರದಿದ್ರೆ ನಿಮಗೆ ಸರಿ ಆಗ್ತದಾ? ನಾನೂ ಸುಮ್ಮನೆ ಕೇಳಿದೆ.

ಬೊಂಡ_ಸೋಡಾ
🔥🔥

ಎಚ್‌ಆರ್_ಅಲ್ಲ_ನಾನು
ಕೆಲಸಕ್ಕೆ ಸೇರಿದವರಿಗೆಲ್ಲ ಒಂದು ಉಪಾಯ ಹೇಳ್ತೇನೆ, ನನ್ನ ಕೆಲಸಕ್ಕೆ ಕಲ್ಲು ಬಿದ್ರೂ ಅಡ್ಡಿಲ್ಲ. ಪಿಎಫ್ ಪಾಸ್‌ಬುಕ್ ತೆರೆದು ನೋಡಿ, ಅದರಲ್ಲಿ ಸಂಸ್ಥೆಯ ಹೆಸರು ಯಾವುದುಂಟು ಅಂತ. ಐಡಿ ಕಾರ್ಡಿನಲ್ಲಿ, ಅಂಗಿ ಮೇಲೆ ದೊಡ್ಡ ಕಂಪೆನಿ ಹೆಸರಿದ್ದು ಪಾಸ್‌ಬುಕ್‌ನಲ್ಲಿ ಯಾವುದೋ ಮ್ಯಾನ್‌ಪವರ್ ಏಜೆನ್ಸಿ ಹೆಸರಿದ್ರೆ ನೀವು ಕಾಂಟ್ರಾಕ್ಟಿನವರು. ಊರಲ್ಲಿ "ನನ್ನ ಮಗನಿಗೆ ದೊಡ್ಡ ಕಂಪೆನಿಯಲ್ಲಿ ಪರ್ಮನೆಂಟ್" ಅಂತ ಹೇಳ್ಕೊಂಡು ತಿರುಗುವ ಎಷ್ಟೋ ತಾಯಂದಿರಿಗೆ ಇದು ಗೊತ್ತಿಲ್ಲ. ಕೋಲಾರ ಜಿಲ್ಲೆಯ ನರಸಾಪುರದ ಮೊಬೈಲ್ ಫ್ಯಾಕ್ಟರಿಯಲ್ಲಿ 2020ರ ಡಿಸೆಂಬರಿನಲ್ಲಿ ನಡೆದ ದಾಂಧಲೆಯ ಬುಡದಲ್ಲೂ ಸಂಬಳದ್ದೇ ಗೊಂದಲ. ಮಧ್ಯದಲ್ಲಿ ಅಷ್ಟೊಂದು ಏಜೆನ್ಸಿ ಇದ್ರೆ ಯಾರನ್ನು ಕೇಳುವುದು?

ಇನ್ನೊಂದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಗದಿತ ಅವಧಿಗೆ ಸೇರಿದವರಿಗೆ ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಅಪಾಯಿಂಟ್‌ಮೆಂಟ್ ಲೆಟರ್ ಕೊಡಲೇಬೇಕು. ಕೇಳಿ ತೆಗೊಳ್ಳಿ.

ಕಾಪು_ಲೈಟ್‌ಹೌಸ್
ಎಲ್ಲರಿಗೂ ದೊಡ್ಡ ನಮಸ್ಕಾರ. ಎಲ್ಲವನ್ನೂ ಅಕ್ಕನಿಗೆ ಓದಿ ಹೇಳಿದೆ. ಪೆರ್ಮುದೆಯವರದ್ದು ಕೇಳಿ ಸುಮ್ಮನಾದಳು. ಊರಲ್ಲಿ ಕೆಲಸದ ಮಾತು ಕೊಟ್ಟವರ ಮನೆಗೆ ಭಾವನನ್ನು ಕರ್ಕೊಂಡು ಹೋದೆ. ಯಾವ ಪಾರ್ಟ್, ಯಾರ ರೋಲು, ಯಾವ ವರ್ಷ ಅಂತ ಭಾವನೇ ಕೇಳಿದ್ರು! ಇಷ್ಟು ದಿನ ಪೇಪರ್ ಹಿಡ್ಕೊಂಡಿದ್ದ ಮನುಷ್ಯ. ಅವರು "ಅದೆಲ್ಲ ಮೇಲಿನವರು ನೋಡ್ಕೊಳ್ತಾರೆ" ಅಂದ್ರು.

ಹುಡುಗ ಹೊಸೂರಿಗೆ ಹೊರಟ. ಅಜ್ಜರ ಮಾತು ಅವನಿಗೆ ತಾಗಿದೆ, ಸೆಟ್ಟಿಂಗ್ ಕಲಿಯದೆ ಬರುವುದಿಲ್ಲ ಅಂತಾನೆ. ಆದ್ರೆ ಅಪ್ರೆಂಟಿಸ್‌ನನ್ನು ಸೆಟ್ಟಿಂಗಿಗೆ ಬಿಡ್ತಾರಾ?

ಟೂಲ್‌ರೂಮ್_ಅಜ್ಜ
ಕೇಳಿದರೆ ಬಿಡುವುದಿಲ್ಲ. ಸೆಟ್ಟರ್ ಟೂಲ್ ಬದಲಾಯಿಸುವಾಗ ಊಟಕ್ಕೆ ಓಡದೆ ಅಲ್ಲೇ ನಿಂತು ಸ್ಪ್ಯಾನರ್ ಎತ್ತಿಕೊಡಬೇಕು. ಆಫ್‌ಸೆಟ್, ಅಂದರೆ ಟೂಲಿನ ಅಳತೆಯ ತಿದ್ದುಪಡಿ, ಎಷ್ಟು ಕೊಟ್ಟರು ಎಂದು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಸೆಟ್ಟರಿಗೆ ರಜೆ ಬೇಕಾದ ದಿನ ಅವರೇ ಇವನ ಹೆಸರು ಹೇಳುತ್ತಾರೆ.

ಸೆಕೆಂಡ್_ಶಿಫ್ಟ್
ಸರಿಯಾದ ಮಾತು. ನಾನು ಕಲಿತದ್ದೂ ಹಾಗೆಯೇ, ನೈಟ್ ಶಿಫ್ಟಿನಲ್ಲಿ. ಹಗಲು ಸಾಹೇಬರುಗಳು ಇರ್ತಾರೆ, ಮೆಷಿನ್ ಮುಟ್ಲಿಕ್ಕೆ ಬಿಡುವುದಿಲ್ಲ. ತಮಿಳು ನಾಲ್ಕು ಮಾತು ಕಲೀಲಿ, ಸೆಟ್ಟರುಗಳು ಹೆಚ್ಚಿನವರು ಅಲ್ಲಿಯವರೇ. ಮತ್ತೆ ಸೇಫ್ಟಿ ಶೂ ಕಂಪೆನಿ ಕೊಡುವವರೆಗೆ ಕಾಯದೆ ಒಳ್ಳೇದೊಂದು ತೆಗೊಂಡು ಹೋಗಲಿ. ಕಾಂಕ್ರೀಟಿನ ಮೇಲೆ ಎಂಟು ಗಂಟೆ ನಿಲ್ಲುವುದು ಮೊದಲ ತಿಂಗಳು ಸಾವೇ.

ಲಾರಿ_ಸಾಹುಕಾರ
ಯಾವ ದಿನ ಹೊರಡುವುದು ಹೇಳಿ. ಟ್ರಂಕು, ಹಾಸಿಗೆ ಇದ್ರೆ ನಮ್ಮ ಗಾಡಿಯಲ್ಲಿ ಬೆಂಗಳೂರುವರೆಗೆ ಹಾಕುವ. ಶಿರಾಡಿ ತೆರೆದಿದ್ರೆ.

ಕುಂದಾಪ್ರ_ಹುಡ್ಗ
ಟ್ರಂಕಂಗೆ ಹತ್ತ್ ಕೆಜಿ ಕುಚ್ಲಕ್ಕಿ ಹಾಕಿ ಕಳ್ಸಿ. ನಿರ್ವಾಹಕ್ರೇ, ಇದ್ ವಿಷಯಕ್ಕೆ ಸಂಬಂಧ ಪಟ್ಟದ್ದೇ.